ಪರಸ್ಥಳದಲ್ಲಿ ಮೊದಲ ಮನೆ: ಮುಂಗಡದ ಹಣ ಎಲ್ಲಿಂದ?

(ಮಾನೇಸರಿನ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಮಾತನ್ನು ಬಿಟ್ಟು ಮನೆಯ ಮಾತನ್ನು ಎತ್ತಿಕೊಂಡುದಕ್ಕೆ ಕ್ಷಮೆಯಿರಲಿ. ಹೊಟ್ಟೆಪಾಡಿಗಾಗಿ ಮಾನೇಸರಿನ ಕಾರ್ಖಾನೆಗಳಿಗೆ ಬಂದ ನಮ್ಮವರಲ್ಲಿ ಅನೇಕರು ವರ್ಷಗಟ್ಟಲೆ ಬಾಡಿಗೆ ತೆತ್ತು, ಈಗ ಸ್ವಂತದ ಸೂರೊಂದನ್ನು ಬಯಸುತ್ತಿದ್ದಾರೆ. ಸಾಲ ಕೊಡಲು ಬ್ಯಾಂಕುಗಳಿವೆ. ಮೊದಲು ಕೈಯಿಂದ ಹಾಕಬೇಕಾದ ಹಣಕ್ಕೇ ತೊಡಕು. ಅದಕ್ಕೆ ನೆರವೆಲ್ಲಿದೆಯೆಂದು ನಾವೂ ಹುಡುಕಿದೆವು. ಕಂಡುದನ್ನು ಅರಿಕೆ ಮಾಡುತ್ತೇವೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಹಂತ 2024ರ ಸೆಪ್ಟೆಂಬರಿನಲ್ಲಿ ಮೊದಲಾಯಿತು. ವರ್ಷಕ್ಕೆ 9 ಲಕ್ಷ ರೂಪಾಯಿ ಮೀರದ ವರಮಾನದ ಕುಟುಂಬವು 35 ಲಕ್ಷದೊಳಗಿನ ಮನೆಗೆ 25 ಲಕ್ಷದೊಳಗಿನ ಸಾಲ ಪಡೆದರೆ, ಮೊದಲ 8 ಲಕ್ಷದ ಮೇಲೆ ಶೇಕಡ 4ರ ಬಡ್ಡಿ ಸಹಾಯಧನ ದೊರೆಯುತ್ತದೆ. ಒಟ್ಟು ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವಾರ್ಷಿಕ ಕಂತುಗಳಲ್ಲಿ. ಇಲ್ಲಿಯೇ ಅನೇಕರು ಎಡವುತ್ತಾರೆ. ಈ ಹಣ ಸಾಲದ ಹೊರೆಯನ್ನು ಇಳಿಸುತ್ತದೆಯೇ ಹೊರತು ಮುಂಗಡಕ್ಕೆ ಒದಗುವುದಿಲ್ಲ. 35 ಲಕ್ಷದ ಮನೆಗೆ ಸಾಲ 25 ಲಕ್ಷವೆಂದ ಮೇಲೆ ಉಳಿದ 10 ಲಕ್ಷ ನಮ್ಮ ಕೈಯದೇ. ಯೋಜನೆಯ ಹಂಗಿಲ್ಲದವರಿಗೆ, 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ಶೇಕಡ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಒಪ್ಪುತ್ತದೆ. ಸಂಬಳ ತಾಳುವಂತಿದ್ದರೆ ಅದೇ ಮನೆಗೆ ಕೈಯಿಂದ 5 ಲಕ್ಷ ಸಾಕಾದೀತು; ಮುದ್ರಾಂಕ ಶುಲ್ಕ ಬೇರೆ.

ಇನ್ನೊಂದು ನಿಬಂಧನೆ: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರಲ್ಲಿ ಯಾರ ಹೆಸರಿನಲ್ಲಿಯೂ ಭಾರತದಲ್ಲೆಲ್ಲಿಯೂ ಪಕ್ಕಾ ಮನೆಯಿರಕೂಡದು. ಅರ್ಜಿಯ ಈ ಸಾಲಿಗೆ ಬಂದಾಗ ನಮ್ಮ ಲೇಖನಿ ನಿಂತಿತು. ತಂದೆಯವರು ತೀರಿಕೊಂಡ ಮೇಲೆ ಹಾಸನದ ಕಡೆಯ ಹೆಂಚಿನ ಮನೆ ನಮ್ಮ ಹೆಸರಿಗೆ ಬಂದಿತ್ತು. "ಇಲ್ಲವೆಂದು ಬರೆಯಿರಿ, ಅಷ್ಟು ದೂರ ಯಾರು ಹೋಗಿ ನೋಡುತ್ತಾರೆ?" ಎಂದ ದಲ್ಲಾಳಿ. ಫೋನಿನಲ್ಲಿ ತಾಯಿಯವರಿಗೆ ತಿಳಿಸಿದೆವು. "ನಾನಿನ್ನೂ ದೀಪ ಹಚ್ಚೋ ಮನೇನ ಇಲ್ಲ ಅಂತ ಬರೀತೀಯೇನಪ್ಪಾ?" ಎಂದರು. ಅರ್ಜಿಯನ್ನು ಮಡಿಸಿಟ್ಟೆವು. ಸಹಾಯಧನ ಹೋಯಿತು, ಸುಳ್ಳು ಪ್ರಮಾಣದ ಭಯವೂ ಹೋಯಿತು.

ಹಾಗಾದರೆ ಹಣ ಒದಗಿದುದೆಲ್ಲಿಂದ? ಬಹುಪಾಲು ಭವಿಷ್ಯನಿಧಿಯಿಂದ. ಸ್ವಂತ ಮನೆಗಾಗಿ ಅಲ್ಲಿಂದ ತೆಗೆದುದನ್ನು ಮರಳಿ ಕಟ್ಟಬೇಕಾಗಿಲ್ಲ. ಆದರೆ ಮುಪ್ಪಿನ ಗಂಟು ಅಷ್ಟು ಕರಗಿತೆಂಬುದನ್ನು ಮರೆಯಬಾರದು. ಕ್ರಯಪತ್ರವನ್ನು ಮನೆಯಾಕೆಯ ಹೆಸರಿಗೆ ಮಾಡಿಸಿದೆವು. 2020ರಲ್ಲಿ ಮಾನೇಸರಿಗೆ ನಗರಪಾಲಿಕೆ ಬಂದಿತು. ಪಾಲಿಕೆಯ ಎಲ್ಲೆಯೊಳಗೆ ಪುರುಷರ ಹೆಸರಿಗೆ ಶೇಕಡ 7, ಸ್ತ್ರೀಯರ ಹೆಸರಿಗೆ ಶೇಕಡ 5 ಮುದ್ರಾಂಕ ಶುಲ್ಕ. 35 ಲಕ್ಷದ ಮೇಲೆ 70,000 ರೂಪಾಯಿ ಉಳಿಯಿತು. ಕೇಂದ್ರ ಸರಕಾರದ ನೌಕರರಿಗೆ ಗೃಹನಿರ್ಮಾಣ ಮುಂಗಡದ ಸೌಲಭ್ಯವುಂಟು. 2017ರ ನಿಯಮದಂತೆ 34 ತಿಂಗಳ ಮೂಲವೇತನ, 25 ಲಕ್ಷ ಮೀರದಂತೆ.

ಹರಿಯಾಣ ಸರಕಾರದ 2013ರ ಅಗ್ಗದ ವಸತಿ ನೀತಿಯಲ್ಲಿ ಚೀಟಿಯೆತ್ತಿ ಮನೆ ಹಂಚುತ್ತಾರೆ. ಮೂಲ ನೀತಿಯಂತೆ ಅರ್ಜಿಯೊಡನೆ ಬೆಲೆಯ ಶೇಕಡ 5, ಹಂಚಿಕೆಯಾದಾಗ ಶೇಕಡ 20, ಉಳಿದುದು ಮೂರು ವರ್ಷದಲ್ಲಿ ಆರು ಕಂತು. ಇದು ದಾನವಲ್ಲ, ಕಾಲಾವಕಾಶ. ಬಡವರಿಗೆ ಅದೂ ದೊಡ್ಡದೇ. ಅರ್ಜಿ ಹಾಕುವ ಮುನ್ನ ಈಗಿನ ಕ್ರಮವನ್ನು ವಿಚಾರಿಸಿಕೊಳ್ಳಿರಿ.

ಕೊನೆಯ ಮಾತು. 2016ರ ಸ್ಥಿರಾಸ್ತಿ ಕಾಯಿದೆಯ 13ನೆಯ ಪ್ರಕರಣದಂತೆ, ನೋಂದಾಯಿತ ಕರಾರಿಲ್ಲದೆ ಕಟ್ಟಡದವರು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಹೆಂಡತಿಯ ಬಳೆ, ಊರಿನ ಗದ್ದೆ ಮಾರಿದ ಹಣವನ್ನು ಬರಿಯ ಮಾತಿನ ಮೇಲೆ ಯಾರ ಕೈಗೂ ಹಾಕಬೇಡಿರಿ. ಕಾಗದಪತ್ರ ತಿಳಿಯದಿದ್ದರೆ ಭಾನುವಾರ ನಮ್ಮಲ್ಲಿಗೆ ತನ್ನಿರಿ. ಕಾಫಿ ಕುಡಿಯುತ್ತ ಕೂಡಿ ಓದೋಣ. ಇಲ್ಲಿ ಹೊಸ ಮನೆಯ ಬಾಗಿಲಿಗೆ ತೋರಣ ಕಟ್ಟುವಾಗ ಊರಿನ ಮನೆಯ ದೀಪವೂ ಉರಿಯುತ್ತಿರಲಿ.