ಸೋಮವಾರದ ಎತ್ತು



ನಮ್ಮ ರೋಣ, ಗಜೇಂದ್ರಗಡ, ನರಗುಂದ ಸೀಮೆಯ ಅನೇಕ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಅದು ಬಸವಣ್ಣನ ವಾರ. ಹೊಲ ಹದಕ್ಕೆ ಬಂದಿರಲಿ, ಹಿಂಗಾರಿ ಬಿತ್ತಿಗೆಗೆ ಹೊತ್ತು ಮೀರುತ್ತಿರಲಿ, ಎತ್ತು ಅಂದು ಮೆಲುಕು ಹಾಕುತ್ತ ಮಲಗುತ್ತದೆ. ಇದನ್ನು ಭಕ್ತಿ ಎಂದು ಕಂಡಿದ್ದೇವೆ, ಪದ್ಧತಿ ಎಂದು ಕಂಡಿದ್ದೇವೆ. ದುಡಿಮೆಯ ಮನಶ್ಶಾಸ್ತ್ರ ಓದುವವನ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂಬುದು ಸವಡಿಯ ಈ ಸಭೆಯಲ್ಲಿ ಇವತ್ತಿನ ನನ್ನ ಮಾತು.

ಎತ್ತು ರಜೆ ಕೇಳುವುದಿಲ್ಲ. ದಣಿದಿದ್ದೇನೆಂದು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ಅದರ ಒಡೆಯನಿಗೂ ಹೊಲಕ್ಕೆ ಹೋಗಲಿಲ್ಲವಲ್ಲ ಎಂಬ ಅಳುಕಿಲ್ಲ, ಯಾಕೆಂದರೆ ಪಕ್ಕದ ಹೊಲದವನೂ ಅಂದು ಗಳೆ ಹೂಡಿಲ್ಲ. ಯಾರೂ ಮುಂದೆ ಹೋಗಲಿಲ್ಲ, ಯಾರೂ ಹಿಂದೆ ಬೀಳಲಿಲ್ಲ. ಬಿಡುವನ್ನು ಒಬ್ಬೊಬ್ಬರ ಧೈರ್ಯಕ್ಕೆ ಬಿಡದೆ ಊರೇ ಹೊತ್ತುಕೊಂಡಾಗ ಸಿಗುವ ನಿರಾಳ ಅದು. ಬೇಕಾದಷ್ಟು ರಜೆ ತಗೊಳ್ಳಿ ಎನ್ನುವ ಕಂಪನಿಯ ಹುಡುಗ ಜೊತೆಯವರ ಮುಖ ನೋಡಿ ಸುಮ್ಮನಾಗುತ್ತಾನೆ. ಅವನಿಗೆ ರಜೆ ಇದೆ, ಸೋಮವಾರ ಇಲ್ಲ.

ಬಾಡಿಗೆಯ ಟ್ರ್ಯಾಕ್ಟರಿಗೆ ವಾರ ಗೊತ್ತಿಲ್ಲ. ತಾಸಿನ ಲೆಕ್ಕದಲ್ಲಿ, ಸರದಿ ಬಂದಾಗ ಬರುತ್ತದೆ. ರಾತ್ರಿ ಬಂದರೂ ಹೊಲದಲ್ಲಿ ನಿಂತಿರಬೇಕು. ಟ್ರ್ಯಾಕ್ಟರ್ ಬೇಡ ಎನ್ನುವವನು ನಾನಲ್ಲ. ನೊಗ ಹೊತ್ತು ಹೆಗಲು ಬಾವು ಬಂದ ಎತ್ತನ್ನು ನೋಡಿದವರು ಯಾರೂ ಹಾಗೆ ಹೇಳಲಾರರು. ಆದರೆ ಎತ್ತು ಹೋದ ಮನೆಗಳಲ್ಲಿ ಎತ್ತಿನ ವಾರವೂ ಹೋಯಿತು, ಮತ್ತು ಅದರಿಂದ ಹೆಚ್ಚು ಕಳೆದುಕೊಂಡದ್ದು ಎತ್ತಲ್ಲ.

ಜರ್ಮನಿಯ ಸಬೀನೆ ಸೊನೆನ್‌ಟಾಗ್ ಎಂಬ ಮನಶ್ಶಾಸ್ತ್ರಜ್ಞೆ ಕೆಲಸದ ದಣಿವು ಹೇಗೆ ಆರುತ್ತದೆ ಎಂಬುದನ್ನೇ ಹಲವು ವರ್ಷಗಳಿಂದ ಅಭ್ಯಾಸ ಮಾಡುತ್ತ ಬಂದವರು. 2007ರಲ್ಲಿ ಶಾರ್ಲೊಟ್ ಫ್ರಿಟ್ಜ್ ಅವರ ಜೊತೆ ಸೇರಿ ಬರೆದ ಪ್ರಬಂಧದಲ್ಲಿ, ದಣಿವು ಆರಿಸುವ ನಾಲ್ಕು ಅನುಭವಗಳನ್ನು ಗುರುತಿಸಿದರು. ಅದರಲ್ಲಿ ಮೊದಲನೆಯದು ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು. ಮೈ ಮನೆಯಲ್ಲಿದ್ದು ತಲೆ ಆಫೀಸಿನಲ್ಲಿದ್ದರೆ ಅದು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ. ಕಡೆಯದು, ಆ ಬಿಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ನಮ್ಮ ಕೈಯಲ್ಲೇ ಇರುವುದು. ನಡುವಿನ ಎರಡು, ಮೈ ಸಡಿಲ ಬಿಡುವುದು ಮತ್ತು ಹೊಸದೊಂದನ್ನು ಕಲಿಯುವುದು. ಭಜನಾ ಮಂಡಳಿಗೆ ಹೋಗುವವರಿಗೆ ಅವನ್ನು ವಿವರಿಸುವ ಅಗತ್ಯವಿಲ್ಲ.

ಆದರೆ ಮನಸ್ಸು ಕಳಚಿಕೊ ಎಂದರೆ ಕಳಚಿಕೊಳ್ಳುವುದಿಲ್ಲ. 1927ರಷ್ಟು ಹಿಂದೆಯೇ ಬ್ಲೂಮಾ ಜೈಗಾರ್ನಿಕ್ ಎಂಬಾಕೆ ತೋರಿಸಿದ್ದು ಇದನ್ನು: ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಇದಕ್ಕೊಂದು ಮದ್ದು ಕಂಡರು. ಕೆಲಸ ಮುಗಿಯಲೇಬೇಕೆಂದಿಲ್ಲ; ಅದನ್ನು ಯಾವಾಗ, ಹೇಗೆ ಮಾಡುವುದೆಂದು ಗಟ್ಟಿಯಾಗಿ ನಿಶ್ಚಯಿಸಿದರೂ ತಲೆ ಹಗುರಾಗುತ್ತದೆ. ಸಂಜೆ ಕಟ್ಟೆಯ ಮೇಲೆ ಕುಳಿತು, ನಾಳೆ ಯಾರ ಹೊಲ, ಯಾರ ಮನೆಯಿಂದ ಎಷ್ಟು ಮುಯ್ಯಾಳು, ಬುತ್ತಿ ಯಾರದು ಎಂದು ಮಾತು ಮುಗಿಸಿ ಏಳುತ್ತಿದ್ದವರು ಈ ಪ್ರಬಂಧ ಓದಿರಲಿಲ್ಲ. ಎದ್ದ ಮೇಲೆ ಅವರು ಆರಾಮಾಗಿ ನಿದ್ದೆ ಹೋಗುತ್ತಿದ್ದರು. ಆಫೀಸಿನವರು ಇದನ್ನು ಒಂದು ಚೀಟಿಯ ಮೇಲೆ ಮಾಡಬಹುದು, ಐದು ನಿಮಿಷದ ಕೆಲಸ. ಲ್ಯಾಪ್‌ಟಾಪ್ ಮುಚ್ಚುವ ಮೊದಲು ಮಾಡಬೇಕು, ಅಷ್ಟೇ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಮನಸ್ಸನ್ನು ಸವೆಸುವುದು ಕೆಲಸದ ಭಾರವೋ, ಕೆಲಸದ ಮೇಲೆ ನಮಗೆ ಹಿಡಿತ ಇಲ್ಲದಿರುವುದೋ? 1979ರಲ್ಲಿ ರಾಬರ್ಟ್ ಕರಾಸೆಕ್ ಅಮೆರಿಕ ಮತ್ತು ಸ್ವೀಡನ್ನಿನ ದುಡಿಮೆಗಾರರ ಮಾಹಿತಿ ಇಟ್ಟುಕೊಂಡು ಹೇಳಿದ್ದು, ಎರಡನ್ನೂ ಕೂಡಿಸಿ ನೋಡಬೇಕೆಂದು. ಭಾರ ಹೆಚ್ಚಿದ್ದು ಹಿಡಿತವೂ ಇದ್ದರೆ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಭಾರ ಹೆಚ್ಚಿದ್ದು ಹಿಡಿತ ಇಲ್ಲದಿದ್ದರೆ ಕುಸಿಯುತ್ತಾನೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1985ರಲ್ಲಿ ಶುರುಮಾಡಿದ ಎರಡನೆಯ ವೈಟ್‌ಹಾಲ್ ಅಧ್ಯಯನ 10,308 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಹೃದಯದ ಕಾಯಿಲೆ ದೊಡ್ಡ ಸಾಹೇಬರಿಗೆ ಹೆಚ್ಚು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಕಂಡದ್ದು ತಿರುವುಮುರುವು: ಕೆಳದರ್ಜೆಯವರಿಗೇ ಹೆಚ್ಚು, ಮತ್ತು ಅದಕ್ಕೆ ದೊಡ್ಡ ಕಾರಣ ತಮ್ಮ ಕೆಲಸದ ಮೇಲೆ ಅವರಿಗೆ ಹಿಡಿತ ಕಡಿಮೆ ಇದ್ದದ್ದು.

ಲಂಡನ್ನಿನ ಮಾತು ಸವಡಿಗೆ ಯಾಕೆ ಎನ್ನಬಹುದು. ಉದ್ಯೋಗ ಖಾತ್ರಿಗೆ ಹೋದವರು ಹೇಳಲಿ. 2005ರ ಕಾಯ್ದೆಯಡಿ ನಡೆದ ಆ ಕೆಲಸದಲ್ಲಿ ಕೂಲಿ ನಿಂತದ್ದು ಅಳತೆಯ ಮೇಲೆ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಮಣ್ಣು ತೆಗೆದರೆ ಇಷ್ಟು ಕೂಲಿ. ಹಾಗಿದ್ದ ಮೇಲೆ ನಮ್ಮ ಏಪ್ರಿಲ್ ಬಿಸಿಲಿಗೆ ತಕ್ಕ ಬುದ್ಧಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಚುಮುಚುಮು ಬೆಳಕಿಗೇ ಹೋಗಿ, ನೆತ್ತಿ ಸುಡುವ ಮೊದಲೇ ತಮ್ಮ ಪಾಲಿನ ಗುಂಡಿ ಮುಗಿಸಿ, ಮನೆಗೆ ಬಂದು ನೆರಳಿನಲ್ಲಿ ಕೂರುವುದು. ಆರೋಗ್ಯಕ್ಕೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು, ಸರ್ಕಾರಕ್ಕೆ ನಷ್ಟವೂ ಇಲ್ಲ.

ಆಮೇಲೆ ಮೊಬೈಲ್ ಹಾಜರಿ ಬಂತು. ದಿನಕ್ಕೆ ಎರಡು ಸಲ, ಜಾಗದ ಗುರುತಿನ ಸಮೇತ, ಕೂಲಿಕಾರರ ಮುಂದಾಳಾದ ಕಾಯಕ ಬಂಧು ಎಲ್ಲರ ಫೋಟೊ ತೆಗೆದು ಏರಿಸಬೇಕಿತ್ತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೂ ಇದು ಕಡ್ಡಾಯವಾಯಿತು. ಕಳ್ಳ ಹಾಜರಿ ತಡೆಯಲು ಮಾಡಿದ್ದು, ಉದ್ದೇಶ ಸರಿ. ಆದರೆ ಕೆಲಸ ಮುಗಿಸಿದ ಹೆಣ್ಣುಮಗಳು ಎರಡನೆಯ ಫೋಟೊಕ್ಕಾಗಿ ಬಿಸಿಲಲ್ಲಿ ಕಾಯಬೇಕಿತ್ತು, ಇಲ್ಲವೇ ಮನೆಗೆ ಹೋಗಿ ತಿರುಗಿ ಬರಬೇಕಿತ್ತು. ಕೂಲಿ ಅಳತೆಯದು, ಕಟ್ಟಿಹಾಕಿದ್ದು ಗಡಿಯಾರ. ಇಂಗ್ಲೆಂಡಿನ ಇತಿಹಾಸಕಾರ ಇ. ಪಿ. ಥಾಮ್ಸನ್ 1967ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಕಾರ್ಖಾನೆಗಳು ಬಂದಾಗ ಕೆಲಸದ ಹದಕ್ಕೆ ನಡೆಯುತ್ತಿದ್ದ ಜನ ಗಡಿಯಾರದ ಶಿಸ್ತಿಗೆ ಹೇಗೆ ಬಗ್ಗಿದರು ಎಂದು ವಿವರಿಸಿದ್ದಾರೆ. ಅಲ್ಲಿ ಒಂದು ಹೋಗಿ ಇನ್ನೊಂದು ಬಂತು. ನಮ್ಮಲ್ಲಿ ಎರಡನ್ನೂ ಒಂದೇ ಹೆಗಲಿಗೆ ಕಟ್ಟಿದೆವು. ಮಣ್ಣು ಅಗೆಯುವುದಕ್ಕಿಂತ ಫೋಟೊಕ್ಕೆ ಕಾಯುವುದೇ ದಣಿವು ಎಂದು ಯಾರಾದರೂ ಹೇಳಿದರೆ ನಗಬೇಡಿ. ಕರಾಸೆಕ್ ಹೇಳಿದ್ದೂ ಅದೇ.

ಹಾಗಾದರೆ ಹೊತ್ತಿನ ಕಟ್ಟು ಬಿಚ್ಚಿದರೆ ಎಲ್ಲ ಸರಿಹೋಯಿತೇ? ಗಜೇಂದ್ರಗಡದ ಕೈಮಗ್ಗದ ಮನೆಗೆ ಹೋಗಿ ನೋಡಿ. ಮನೆಯಲ್ಲೇ ಕೂತು ದುಡಿಯುವುದು ಬೆಂಗಳೂರಿಗೆ 2020ರಲ್ಲಿ ಹೊಸದು, ಪಟ್ಟೇದಂಚಿನ ಸೀರೆ ನೇಯುವವರಿಗೆ ತಲೆಮಾರುಗಳ ಹಳೆಯದು. ನೇಕಾರನಿಗೆ ಮೇಲೆ ನಿಂತು ನೋಡುವ ಸಾಹೇಬನಿಲ್ಲ. ಬೇಕಾದಾಗ ಲಾಳಿ ಕೈಬಿಟ್ಟು ಚಹಾ ಕುಡಿಯಬಹುದು. ಆದರೆ ನೂಲು ಸಾವಕಾರನದು, ಸೀರೆಯ ದರ ಅವನದು, ಹಬ್ಬಕ್ಕೆ ಇಷ್ಟು ಸೀರೆ ಬೇಕೆಂಬ ಗಡುವೂ ಅವನದು. ಮುಂಗಡ ತಗೊಂಡಿದ್ದರಂತೂ ಮಾತೇ ಇಲ್ಲ. ತಾಸುಗಳು ನೇಕಾರನವು, ದಿನ ಅವನದಲ್ಲ. ಮೇಲಾಗಿ ಅವನ ಬಗಲಲ್ಲಿ ಕಂಡಿಕೆ ಸುತ್ತುವ ಹೆಂಡತಿಯ ಹೊತ್ತು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇವತ್ತಿನ ಪಟ್ಟಣದಲ್ಲಿ ಬೈಕಿನ ಮೇಲೆ ಊಟ ಹೊತ್ತು ತಿರುಗುವ ನಮ್ಮೂರ ಹುಡುಗರ ಕಥೆಯೂ ಇದೇ. ಬೇಕಾದಾಗ ಲಾಗಿನ್ ಆಗು ಎನ್ನುತ್ತದೆ ಆ್ಯಪು, ಜನಕ್ಕೆ ಹಸಿವಾಗುವ ಹೊತ್ತಿನಲ್ಲಿ ಲಾಗಿನ್ ಆಗದಿದ್ದರೆ ದುಡ್ಡಿಲ್ಲ.

ಕೈಯಲ್ಲಿ ದುಡ್ಡಿಲ್ಲದಿರುವುದು ತಲೆಗೆ ಏನು ಮಾಡುತ್ತದೆಂಬುದಕ್ಕೆ ನಮ್ಮ ನೆರೆರಾಜ್ಯದಲ್ಲೇ ಒಂದು ಅಧ್ಯಯನ ನಡೆದಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲೂ ಆಮೇಲೂ ಬುದ್ಧಿಯ ಪರೀಕ್ಷೆ ಕೊಟ್ಟರು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಅದೇ ರೈತ, ಅದೇ ತಲೆ. ಕೈಯಲ್ಲಿ ದುಡ್ಡಿಲ್ಲದ ಕಟಾವಿನ ಮೊದಲು ಅಂಕ ಕಡಿಮೆ, ದುಡ್ಡು ಬಂದ ಮೇಲೆ ಹೆಚ್ಚು. ಬಡವ ಯೋಚಿಸಿ ನಡೆಯುವುದಿಲ್ಲ ಎಂದು ಬೈಯುವವರು ಇದನ್ನು ಕೇಳಿಸಿಕೊಳ್ಳಬೇಕು. ಯೋಚಿಸುವ ಶಕ್ತಿಯನ್ನೇ ಸಾಲದ ಚಿಂತೆ ಬಾಡಿಗೆಗೆ ಹಿಡಿದಿರುತ್ತದೆ. ಹೊತ್ತು ಸಡಿಲ, ಪಗಾರವೂ ಸಡಿಲ ಎಂಬ ಕೆಲಸ ಮನಸ್ಸಿಗೆ ಹಿತವಲ್ಲ.

ಇನ್ನು ಊರಿಗೆ ಬಂದು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಮಕ್ಕಳ ವಿಷಯ. ಚೀನಾದ ಸಿಟ್ರಿಪ್ ಎಂಬ ಪ್ರಯಾಣ ಕಂಪನಿ ಶಾಂಘೈನಲ್ಲಿ ತನ್ನ ಕಾಲ್‌ಸೆಂಟರ್ ನೌಕರರ ಮೇಲೆ ಒಂಬತ್ತು ತಿಂಗಳ ಪ್ರಯೋಗ ಮಾಡಿತು. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2015ರಲ್ಲಿ ಅದನ್ನು ಪ್ರಕಟಿಸಿದರು. ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಏರಿತು, ಕೆಲಸ ಬಿಟ್ಟುಹೋಗುವವರು ಅರ್ಧದಷ್ಟಾದರು. ಪತ್ರಿಕೆಗಳು ಅಲ್ಲಿಗೆ ನಿಲ್ಲಿಸಿದವು. ಒಳಗೆ ಓದಿದರೆ ಮೂರು ಸಂಗತಿಗಳಿವೆ. ಆ ಶೇ 13ರಲ್ಲಿ 9ರಷ್ಟು ಬಂದದ್ದು ಅವರು ಬಿಡುವು ಕಡಿಮೆ ತಗೊಂಡು, ಕಾಯಿಲೆ ರಜೆ ಕಡಿಮೆ ಹಾಕಿ ಹೆಚ್ಚು ಹೊತ್ತು ಕೂತದ್ದರಿಂದ. ಪ್ರಯೋಗಕ್ಕೆ ಸೇರಲು ಮನೆಯಲ್ಲಿ ಪ್ರತ್ಯೇಕ ಕೋಣೆ ಇರಲೇಬೇಕಿತ್ತು; ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಪಾಸಾಗುತ್ತಿದ್ದರೋ. ಮತ್ತು ಪ್ರಯೋಗ ಮುಗಿದು ಎಲ್ಲರಿಗೂ ಆಯ್ಕೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಜನ ಮನಸ್ಸು ಬದಲಿಸಿದರು. ಮನೆಯಲ್ಲಿ ಒಂಟಿತನ ಕಾಡಿದವರು ಆಫೀಸಿಗೆ ಮರಳಿದರು. ಹಾಗೆ ತಾವೇ ಆರಿಸಿಕೊಂಡ ಮೇಲೆ ಲಾಭ ಶೇ 22ಕ್ಕೆ ಏರಿತು. ಮನೆ ಒಳ್ಳೆಯದೋ ಆಫೀಸು ಒಳ್ಳೆಯದೋ ಎಂಬ ಜಗಳವೇ ದಂಡ. ಎರಡನ್ನೂ ಉಂಡು ನೋಡಿ ತಾನೇ ಆರಿಸಿಕೊಂಡವನು ಚೆನ್ನಾಗಿ ದುಡಿದ.

2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದು ಹೀಗಿದೆ: ವಾರಕ್ಕೆ 55 ತಾಸು ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು. 70 ತಾಸಿನ ಪರವಾಗಿ ನಮ್ಮವರು ಶರಣರ ಕಾಯಕವನ್ನು ಎಳೆದು ತರುವುದನ್ನು ಕೇಳಿದ್ದೇನೆ. ಅವರಿಗೆ ಆಯ್ದಕ್ಕಿ ಮಾರಯ್ಯನ ಮನೆಯ ಸಂಗತಿ ಮರೆತಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ದಿನನಿತ್ಯಕ್ಕಿಂತ ಹೆಚ್ಚು ಆಯ್ದು ತಂದ. ಹೆಂಡತಿ ಲಕ್ಕಮ್ಮ ಭೇಷ್ ಎನ್ನಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಕಾಯಕಕ್ಕೆ ಇಷ್ಟೇ ಎಂಬ ಅಂಚು ಇತ್ತು, ಆ ಅಂಚನ್ನು ಕಾದವಳು ಮನೆಯ ಹೆಂಗಸು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಎಷ್ಟು ಹೊತ್ತಿಗೆ ನಿಲ್ಲಬೇಕೆಂದು ಆಕೆಗೆ ಗೊತ್ತಿತ್ತು.

ಲಕ್ಕಮ್ಮನ ಹೆಸರು ತೆಗೆದ ಮೇಲೆ ಸೋಮವಾರದ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತೆ. ಎತ್ತಿಗೆ ಬಿಡುವು ಇತ್ತು, ಗಳೆ ಹೊಡೆಯುವವನಿಗೆ ಇತ್ತು, ಅವನಿಗೆ ರೊಟ್ಟಿ ಬಡಿಯುವವಳಿಗೆ ಇರಲಿಲ್ಲ. ಎತ್ತು ಮನೆಯಲ್ಲಿದ್ದರೆ ಮೇವು, ನೀರು, ಸೆಗಣಿ ಅವಳಿಗೇ ಹೆಚ್ಚು. ಗಂಡಸು ಮನೆಯಲ್ಲಿದ್ದರೆ ಚಹಾ ಹೆಚ್ಚು. ಈಗಲೂ ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಲ್ಲಿ ಇದೇ ಕಾಣುತ್ತದೆ. ಮನೆಯಲ್ಲೇ ಕೂತು ದುಡಿಯುತ್ತೀರಿ, ನಿಮಗೇನು ತೊಂದರೆ ಎನ್ನುತ್ತಾರೆ. ಮನೆಯಲ್ಲೇ ಕೂತದ್ದೇ ತೊಂದರೆ. ಮನೆಯ ಕೆಲಸವೂ ಕಣ್ಣೆದುರೇ ಇರುತ್ತದೆ, ಸಂಘದ ಕೆಲಸವೂ. ಒಂದರಿಂದ ಕಳಚಿಕೊಂಡರೆ ಇನ್ನೊಂದಕ್ಕೆ ಸಿಕ್ಕಿಬೀಳುತ್ತಾಳೆ. ಇಂತಿಷ್ಟು ರೊಟ್ಟಿಗಿಂತ ಹೆಚ್ಚಿನ ಆರ್ಡರ್ ಹಿಡಿಯುವುದಿಲ್ಲ, ವಾರದ ಇಂಥ ದಿನ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ ಎಂದು ಸಂಘವೇ ಒಟ್ಟಾಗಿ ಗೊತ್ತುಮಾಡಿದರೆ ಆಗ ಮಾತು ಬೇರೆ. ಒಬ್ಬಳು ಹೇಳಿದರೆ ಸೋಮಾರಿ ಎನ್ನಿಸಿಕೊಳ್ಳುತ್ತಾಳೆ, ಎಲ್ಲರೂ ಹೇಳಿದರೆ ಅದು ವಾರ.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆ ಒಪ್ಪಿತು. ಆಫೀಸು, ಕಾರ್ಖಾನೆಗಳ ಮಟ್ಟಿಗೆ ಒಳ್ಳೆಯ ಹೆಜ್ಜೆ. ಮೆಣಸಿನಕಾಯಿ ಬಿಡಿಸಲು, ಕಸ ತೆಗೆಯಲು ದಿನಗೂಲಿಗೆ ಹೋಗುವವರಿಗೆ ಆ ದಿನ ಯಾರು ಕೊಡಬೇಕು? ಕೊಡಬೇಕಾದವರು, ಅಂದರೆ ಆಳು ಕರೆಯುವ ಹೊಲದೊಡೆಯರು, ಈ ಸಭೆಯಲ್ಲೇ ಇದ್ದೀರಿ. ನನ್ನ ಹೊತ್ತು ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ, ಮೊದಲು ತಾಯಂದಿರ ಕಡೆಯಿಂದ ಬರಲಿ, ಅವರು ಮನೆಗೆ ಬೇಗ ಹೋಗಬೇಕು.