ವೈದ್ಯವಿದ್ಯೆಗೆ ಒಂದೇ ತಕ್ಕಡಿ
(ಮಂಗಳೂರಿನಲ್ಲಿ ಮಾಡಿದ ಉಪನ್ಯಾಸ)

ನಿಮ್ಮಲ್ಲಿ ಅನೇಕರ ಮಕ್ಕಳು ವೈದ್ಯವಿದ್ಯೆಯನ್ನು ಬಯಸುತ್ತಿರುವರು. ಅವರ ಯೋಗ್ಯತೆಯನ್ನು ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯಿಂದ ಅಳೆಯುವುದು ನ್ಯಾಯವೇ ಎಂಬುದೇ ಇಂದಿನ ವಿಚಾರವು.

ಇಂತಹ ಪರೀಕ್ಷೆಯು ಏಕೆ ಬೇಕಾಯಿತೆಂಬುದನ್ನು ಮರೆಯಲಾಗದು. ವೃತ್ತಿಶಿಕ್ಷಣದ ಸ್ಥಾನಗಳನ್ನು ಹಣಕ್ಕೆ ಮಾರುವ ಪದ್ಧತಿಯನ್ನು ತಡೆಯಲು ಕರ್ನಾಟಕವು 1984ರಲ್ಲಿಯೇ ಕಾಯಿದೆ ಮಾಡಬೇಕಾಯಿತು. 2013ರಲ್ಲಿ ಮೊದಲು ನಡೆದ ‘ನೀಟ್’ ಎಂಬ ರಾಷ್ಟ್ರೀಯ ಪ್ರವೇಶಪರೀಕ್ಷೆಯ ನಿಯಮವನ್ನು ಸುಪ್ರೀಂ ಕೋರ್ಟು ಅದೇ ವರ್ಷ ರದ್ದುಪಡಿಸಿತು. 2016ರಲ್ಲಿ ಆ ತೀರ್ಪನ್ನು ತಾನೇ ಹಿಂತೆಗೆದುಕೊಂಡಿತು. 2017ರಿಂದ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆಯುಂಟು. ಧನಿಕನ ಮಗನಿಗೂ ಕೂಲಿಯವನ ಮಗಳಿಗೂ ಒಂದೇ ಪ್ರಶ್ನೆ. ಇದು ಸಣ್ಣ ಲಾಭವಲ್ಲ.

ಆದರೆ ತಕ್ಕಡಿಯು ಒಂದೇ ಆದ ಮಾತ್ರಕ್ಕೆ ತೂಕವು ನ್ಯಾಯವಾಗದು. ಮಂಗಳೂರಿನಲ್ಲಿ ಹೇರಳವಾಗಿ ಹಣ ತೆತ್ತು ಈ ಪರೀಕ್ಷೆಗೆಂದೇ ತರಬೇತಿ ಪಡೆಯುವವರುಂಟು. ಘಟ್ಟದ ತಪ್ಪಲಿನ ಬಡಮಗುವಿಗೆ ಆ ಅನುಕೂಲವಿಲ್ಲ. ಅರ್ಹತೆಯ ಅಂಕವನ್ನು ಮುಟ್ಟಿದರೂ ಖಾಸಗಿ ಕಾಲೇಜಿನ ಶುಲ್ಕವನ್ನು ತೆರಲಾರದವನು ಹಿಂದೆ ಸರಿಯುವನು. ಅವನಿಗಿಂತ ಕಡಿಮೆ ಅಂಕದ ಉಳ್ಳವನು ಆ ಸ್ಥಾನವನ್ನು ಸೇರುವನು. 2024ರಲ್ಲಿ ಪ್ರಶ್ನೆಪತ್ರಿಕೆಯು ಕೆಲವೆಡೆ ಮುಂಚಿತವಾಗಿ ಬಯಲಾದುದನ್ನು ಸುಪ್ರೀಂ ಕೋರ್ಟೇ ಗುರುತಿಸಿತು. ಅದೇ ವರ್ಷದ ಜುಲೈಯಲ್ಲಿ ಕರ್ನಾಟಕದ ವಿಧಾನಸಭೆಯು ನೀಟ್ ಬೇಡವೆಂದು ನಿರ್ಣಯ ಮಾಡಿತು.

ಕಲಿತು ಹೊರಬರುವವರಿಗೂ ದೇಶಕ್ಕೆಲ್ಲ ಒಂದೇ ಪರೀಕ್ಷೆಯಿರಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ವಿಧಿಸಿತು; 2023ರಲ್ಲಿ ಅದನ್ನು ಮುಂದೂಡಲಾಯಿತು. ಇಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಬೇಕು. 1848ರಲ್ಲಿ ಸ್ಥಾಪಿತವಾದ ಇಲ್ಲಿಯ ವೆನ್‌ಲಾಕ್ ಆಸ್ಪತ್ರೆಯಲ್ಲಿ ರೋಗಿಯು ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಕೊಂಕಣಿಯಲ್ಲಿಯೋ ತನ್ನ ನೋವನ್ನು ಹೇಳುವನು. ಅದನ್ನು ತಾಳ್ಮೆಯಿಂದ ಕೇಳುವ ಕಿವಿಯನ್ನೂ, ಮುಟ್ಟಿ ನೋಡಿ ರೋಗವನ್ನು ಅರಿಯುವ ಕೈಯನ್ನೂ, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಯು ತೂಗಲಾರದು.

ಆದುದರಿಂದ ಸಮಾನ ಪರೀಕ್ಷೆಯನ್ನು ಕಿತ್ತೊಗೆಯಬೇಕೆಂದು ನಾನು ಹೇಳುವುದಿಲ್ಲ. ಕಿತ್ತೊಗೆದರೆ ಹಣದ ಚೀಲವೇ ಮತ್ತೆ ಬಾಗಿಲು ತೆರೆಯಿಸುವುದು. ಬರವಣಿಗೆಯ ಅಂಕದೊಡನೆ, ರೋಗಿಯ ಹಾಸಿಗೆಯ ಬಳಿಯಲ್ಲಿ ಹೊರಗಿನ ಪರೀಕ್ಷಕರ ಮುಂದೆ ನಡೆಯುವ ಪರೀಕ್ಷೆಗೂ ಸಮಾನವಾದ ಬೆಲೆಯಿರಲಿ. ಸರಕಾರವು ಶುಲ್ಕವನ್ನು ಬಡವರ ಕೈಗೆ ಎಟಕುವಂತೆ ಮಾಡಲಿ. ಸ್ಥಿತಿವಂತರಾದ ಭಕ್ತರು ತಮ್ಮೂರಿನ ಒಂದೊಂದು ಬಡಮಗುವಿಗೆ ಎರಡು ವರ್ಷ ಪಾಠ ಹೇಳಿಸುವ ಹೊಣೆಯನ್ನು ಹೊರಲಿ. ಪರೀಕ್ಷೆಯ ದಿನದಲ್ಲಿ ಸಮಾನತೆಯನ್ನು ಬಯಸುವವರು ಅದಕ್ಕೆ ಮುಂಚಿನ ದಿನಗಳಲ್ಲಿಯೂ ಅದನ್ನು ಉಂಟುಮಾಡಬೇಕು.