ಕೊಡಗಿನ ನರಿ, ಕನ್ನಡದ ನರಿ

ಕೊಡಗಿನಲ್ಲಿ ಹಿಂದೆ ‘ನರಿ ಮಂಗಲ’ ಎಂಬ ಆಚರಣೆಯಿತ್ತು. ‘ನರಿಗೂ ಮದುವೆಯೇ?’ ಎಂದು ಬಯಲುಸೀಮೆಯವರು ನಕ್ಕಾರು. ಆದರೆ ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಊರವರೆಲ್ಲ ಸೇರಿ ಗೌರವಿಸುವ ಸಮಾರಂಭವದು.

ಕನ್ನಡ, ತಮಿಳುಗಳ ‘ನರಿ’ಯೂ ಇದೇ ದ್ರಾವಿಡ ಮೂಲದ್ದು, ಹೆಸರಿಸುವ ಪ್ರಾಣಿ ಮಾತ್ರ ಬೇರೆ. ಇಂಥದು ಯುರೋಪಿನಲ್ಲೂ ಉಂಟು. ಇಂಗ್ಲಿಷಿನ ‘ಡಿಯರ್’ ಒಂದು ಕಾಲಕ್ಕೆ ಪ್ರಾಣಿಗಳಿಗೆಲ್ಲ ಹೆಸರಾಗಿತ್ತು. ಈಗ ಜಿಂಕೆಯ ಜಾತಿಗಷ್ಟೇ. ಅದರ ಸೋದರ ಪದವಾದ ಜರ್ಮನಿನ ‘ಟೀರ್’ ಇಂದಿಗೂ ಯಾವ ಪ್ರಾಣಿಗೂ ಸಲ್ಲುತ್ತದೆ.

ಉಚ್ಚಾರದ ಬದಲಾವಣೆಗೆ ಒಂದು ಕ್ರಮವುಂಟು. ಹೊಸ ಅಕ್ಕಿಯ ಹಬ್ಬ ‘ಪುತ್ತರಿ’ ಕನ್ನಡಿಗರ ಬಾಯಲ್ಲಿ ‘ಹುತ್ತರಿ’. ‘ಪಾಲ್’ ನಮ್ಮ ‘ಹಾಲು’. ಪಕಾರ ಹಕಾರವಾಯಿತೆಂದು ತಿಳಿದರೆ ಇವೆಲ್ಲ ಸುಲಭ. ಅರ್ಥಕ್ಕೆ ಅಂಥ ಸೂತ್ರವಿಲ್ಲ. ಆ ಮಾತನ್ನಾಡುವ ಜನರನ್ನೇ ಕೇಳಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ ಹುಲಿ ಬೇಟೆಗೆ ಎಡೆಯಿಲ್ಲ. ಆಚರಣೆ ನಿಂತು ಪದ ಉಳಿದಿದೆ. ಕೊಡವ ಭಾಷೆಯನ್ನೋ ಯುನೆಸ್ಕೊ ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಆಡುವವರು ಇಲ್ಲವಾದರೆ, ಕೊಡಗಿನ ಹುಲಿ ಓದುವವರ ಕಣ್ಣಿಗೆ ಬರೀ ನರಿಯಾಗಿಬಿಡುತ್ತದೆ.